ಹಿರಿಯ ನಾಗರಿಕರ ಡಿಜಿಟಲ್ ಸಾಕ್ಷರತೆ

ಹಿರಿಯ ನಾಗರಿಕರ ಡಿಜಿಟಲ್ ಸಾಕ್ಷರತೆ ಎಂದರೆ ಬದುಕಿನ ಬಹುಭಾಗವನ್ನು ಗಣಕಯಂತ್ರದ ಸಂಪರ್ಕವಿಲ್ಲದೆ ಕಳೆದವರಿಗೆ ಇಳಿವಯಸ್ಸಿನಲ್ಲಿ ಕಂಪ್ಯೂಟರ್, ಸ್ಮಾರ್ಟ್‌ಫೋನ್ ಮತ್ತು ಅಂತರಜಾಲದ ಬಳಕೆಯನ್ನು ಕಲಿಸುವ ಕಾರ್ಯ. ಇದನ್ನು ವಯಸ್ಕರ ಶಿಕ್ಷಣದ ಒಂದು ಶಾಖೆಯೆಂದು ಪರಿಗಣಿಸಲಾಗುತ್ತದೆ. ಭಾರತದಲ್ಲಿ 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆಯು 60 ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಗುರುತಿಸುತ್ತದೆ. ಪಿಂಚಣಿ, ಬ್ಯಾಂಕು, ಪಹಣಿ, ರೈಲ್ವೆ ಟಿಕೆಟ್, ವಿದ್ಯುತ್ ಬಿಲ್ಲು ಮುಂತಾದ ವ್ಯವಹಾರಗಳು ಒಂದೊಂದಾಗಿ ಅಂತರಜಾಲಕ್ಕೆ ವರ್ಗವಾದ ಮೇಲೆ ಈ ಕಲಿಕೆಯು ಕೇವಲ ಹವ್ಯಾಸವಾಗಿ ಉಳಿದಿಲ್ಲ. ಇದು ತಿಳಿಯದವರು ತಮ್ಮದೇ ಹಣಕ್ಕೂ ದಾಖಲೆಗೂ ಮತ್ತೊಬ್ಬರ ಬಿಡುವನ್ನು ಕಾಯಬೇಕಾಗಿದೆ.

ಹಿನ್ನೆಲೆ

ನಿವೃತ್ತರಿಗೂ ವ್ಯವಸ್ಥಿತ ಶಿಕ್ಷಣ ದೊರೆಯಬೇಕೆಂಬ ವಿಚಾರಕ್ಕೆ 1973ರಲ್ಲಿ ಫ್ರಾನ್ಸಿನ ತುಲೂಸ್ ನಗರದಲ್ಲಿ ಪಿಯರ್ ವೆಲ್ಲಾಸ್ ಅವರು ಆರಂಭಿಸಿದ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ವು ಸ್ಪಷ್ಟ ರೂಪ ನೀಡಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟನ್ನಿಗೆ ಕಾಲಿಟ್ಟ ಈ ಚಳವಳಿ ಅಲ್ಲಿ ಬೇರೊಂದು ಬಗೆಯಲ್ಲಿ ಬೆಳೆಯಿತು. ಅಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ. ಸದಸ್ಯರೇ ಪರಸ್ಪರ ಕಲಿಸುತ್ತಾರೆ. ಗಣಕ ಶಿಕ್ಷಣಕ್ಕೆ ಈ ಪದ್ಧತಿ ಚೆನ್ನಾಗಿ ಒಗ್ಗುತ್ತದೆ; ಕಳೆದ ವರ್ಷ ತಾನೇ ತಡವರಿಸಿದವನಿಗೆ ಈ ವರ್ಷದ ಹೊಸಬ ಎಲ್ಲಿ ತಡವರಿಸುತ್ತಾನೆಂಬುದು ಗೊತ್ತಿರುತ್ತದೆ. ಅಮೆರಿಕದಲ್ಲಿ ಮೇರಿ ಫರ್ಲಾಂಗ್ ಅವರು 1986ರಲ್ಲಿ, ವಿಶ್ವವ್ಯಾಪಿ ಜಾಲವು ಹುಟ್ಟುವುದಕ್ಕೂ ಮೊದಲೇ, ಹಿರಿಯರ ಗಣಕ ಶಿಕ್ಷಣಕ್ಕಾಗಿ ‘ಸೀನಿಯರ್‌ನೆಟ್’ ಆರಂಭಿಸಿದರು.

2001ರಲ್ಲಿ ಮಾರ್ಕ್ ಪ್ರೆನ್ಸ್ಕಿ ಅವರು ಬಳಸಿದ ‘ಡಿಜಿಟಲ್ ಮೂಲನಿವಾಸಿ’ ಮತ್ತು ‘ಡಿಜಿಟಲ್ ವಲಸಿಗ’ ಎಂಬ ವಿಂಗಡಣೆ ಬಹಳ ಪ್ರಚಾರ ಪಡೆಯಿತು. ಹುಟ್ಟಿದ ವರ್ಷವೇ ಸಾಮರ್ಥ್ಯವನ್ನು ನಿರ್ಧರಿಸುತ್ತದೆಂಬ ಅರ್ಥ ಕೊಡುವ ಈ ಮಾತು ಅನೇಕ ವಿದ್ವಾಂಸರ ಟೀಕೆಗೂ ಗುರಿಯಾಗಿದೆ. ಅಂತರಜಾಲದ ನಿರ್ಮಾತೃಗಳಲ್ಲಿ ಒಬ್ಬರಾದ ವಿಂಟ್ ಸರ್ಫ್ ಜನಿಸಿದ್ದು 1943ರಲ್ಲಿ. ಜಪಾನಿನ ಮಸಾಕೊ ವಾಕಾಮಿಯಾ ಅವರು ಬ್ಯಾಂಕ್ ನೌಕರಿಯಿಂದ ನಿವೃತ್ತಿಯಾಗುವ ಹೊತ್ತಿಗೆ ಕಂಪ್ಯೂಟರ್ ಹಿಡಿದವರು. 2017ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ಅಲ್ಲಿನ ಸಾಂಪ್ರದಾಯಿಕ ಗೊಂಬೆ ಹಬ್ಬವನ್ನು ಆಧರಿಸಿದ ‘ಹಿನಾದಾನ್’ ಎಂಬ ಮೊಬೈಲ್ ಆಟವನ್ನು ರಚಿಸಿದರು. ಮೆಟ್ಟಿಲುಗಳ ಮೇಲೆ ಗೊಂಬೆಗಳನ್ನು ಅವುಗಳ ಸರಿಯಾದ ಸ್ಥಾನದಲ್ಲಿ ಕೂರಿಸುವ ಆ ಆಟ ನಮ್ಮ ದಸರಾ ಗೊಂಬೆ ಕೂರಿಸುವವರಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಕಲಿಕೆಯ ಸ್ವರೂಪ

ವಯಸ್ಕರ ಶಿಕ್ಷಣದ ಚಿಂತಕ ಮಾಲ್ಕಮ್ ನೋಲ್ಸ್ ಅವರ ಪ್ರಕಾರ ವಯಸ್ಕನು ಕಲಿಯುವ ಮೊದಲು ಅದರ ಪ್ರಯೋಜನವನ್ನು ಅರಿಯಬಯಸುತ್ತಾನೆ ಮತ್ತು ತನ್ನ ಅನುಭವದ ಆಧಾರದ ಮೇಲೆ ಹೊಸದನ್ನು ಕಟ್ಟಿಕೊಳ್ಳುತ್ತಾನೆ. ಕಂಪ್ಯೂಟರಿನ ಭಾಗಗಳ ಹೆಸರಿನಿಂದ ಪಾಠ ಆರಂಭಿಸಿದರೆ ಮೂರನೆಯ ದಿನಕ್ಕೆ ತರಗತಿ ಬರಿದಾಗುವುದು ಇದೇ ಕಾರಣಕ್ಕೆ. ಪರವೂರಿನ ಮೊಮ್ಮಗಳ ಮುಖ ನೋಡಬೇಕು, ಪಿಂಚಣಿ ಜಮೆಯಾಯಿತೇ ತಿಳಿಯಬೇಕು, ಹಳೆಯ ಚಿತ್ರಗೀತೆ ಕೇಳಬೇಕು ಎಂಬ ಬಯಕೆಯಿಂದ ಹೊರಟ ಪಾಠವು ಬೇಗ ನಾಟುತ್ತದೆ. ಕಡತಗಳ ನಡುವೆ ಸೇವೆ ಸಲ್ಲಿಸಿದ ಗುಮಾಸ್ತರಿಗೆ ‘ಫೋಲ್ಡರ್’ ಎಂಬ ಕಲ್ಪನೆ ಹೊಸದಲ್ಲ. ಅಡುಗೆಮನೆ ನಡೆಸಿದವರಿಗೆ ದೊಡ್ಡ ಡಬ್ಬಿಯೊಳಗಿನ ಚಿಕ್ಕ ಡಬ್ಬಿಯ ಹೋಲಿಕೆ ಸಾಕು.

ವಯಸ್ಸಾದಂತೆ ಹೊಸ ಸಂಗತಿಯನ್ನು ಥಟ್ಟನೆ ಗ್ರಹಿಸುವ ವೇಗ ತಗ್ಗುತ್ತದೆ. ಆದರೆ ಸಂಚಿತ ಜ್ಞಾನವೂ ಶಬ್ದಸಂಪತ್ತೂ ಬಹುಕಾಲ ಉಳಿಯುತ್ತವೆ. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಅವರು ಇವೆರಡನ್ನು ಬುದ್ಧಿಶಕ್ತಿಯ ಬೇರೆ ಬೇರೆ ಬಗೆಗಳೆಂದು ವಿಂಗಡಿಸಿದ್ದಾರೆ. ಹಿರಿಯರಿಗೆ ಹೆಚ್ಚು ಸಮಯ ಬೇಕು, ಪುನರಾವರ್ತನೆ ಬೇಕು ಎಂಬುದಷ್ಟೇ ಇದರ ತಾತ್ಪರ್ಯ, ಕಲಿಯಲಾರರು ಎಂದಲ್ಲ.

ಹಿರಿಯ ಕಲಿಕಾರ್ಥಿಯ ಮುಖ್ಯ ಅಡ್ಡಿ ಭಯ. ಯಾವುದೋ ಗುಂಡಿ ಒತ್ತಿ ಯಂತ್ರ ಕೆಟ್ಟೀತು, ಹಣ ಹೋದೀತು, ಚಿಕ್ಕವರು ನಕ್ಕಾರು ಎಂಬ ಅಳುಕಿನಿಂದ ಬೆರಳು ತೆರೆಯ ಮೇಲೆ ತೂಗಾಡುತ್ತದೆ. ಕಲಿಸುವವರು ಈ ಭಯವನ್ನು ಅರಿಯದೆ ಹೆಚ್ಚಿಸುವುದುಂಟು. ಮನೆಯ ಮಕ್ಕಳು ಫೋನನ್ನು ಕೈಯಿಂದ ತೆಗೆದುಕೊಂಡು, ನಾಲ್ಕು ಕಡೆ ಒತ್ತಿ, ‘ಇಷ್ಟೇ ಅಜ್ಜ’ ಎಂದು ಹಿಂದಿರುಗಿಸಿದರೆ ಕೆಲಸವಾಗುತ್ತದೆಯೇ ಹೊರತು ಪಾಠವಾಗುವುದಿಲ್ಲ. ಆದ್ದರಿಂದ ಅನುಭವಿ ಬೋಧಕರು ಒಂದು ಕಟ್ಟುನಿಟ್ಟಿನ ನಿಯಮ ಪಾಲಿಸುತ್ತಾರೆ: ಮೌಸ್ ಅಥವಾ ಫೋನ್ ಸದಾ ಕಲಿಯುವವರ ಕೈಯಲ್ಲೇ ಇರಬೇಕು, ಕಲಿಸುವವರ ಕೈ ಬೆನ್ನ ಹಿಂದೆ ಇರಬೇಕು.

ಹಂತಗಳನ್ನು ನೋಟುಪುಸ್ತಕದಲ್ಲಿ ತಾವೇ ಬರೆದುಕೊಳ್ಳುವ ಅಭ್ಯಾಸ ಹಿರಿಯರಲ್ಲಿ ಸಹಜ ಹಾಗೂ ಉಪಯುಕ್ತ. ಆದರೆ ‘ಬಲಗಡೆಯ ಮೂರನೆಯ ಚಿತ್ರ ಒತ್ತಬೇಕು’ ಎಂದು ಬರೆದುಕೊಂಡವರು, ಆ್ಯಪ್ ನವೀಕರಣಗೊಂಡು ಚಿತ್ರದ ಸ್ಥಾನ ಬದಲಾದ ದಿನ ಕಂಗಾಲಾಗುತ್ತಾರೆ. ಸ್ಥಾನದ ಬದಲು ಚಿಹ್ನೆಗಳ ಅರ್ಥವನ್ನು ಕಲಿಸುವುದು ಮೇಲು. ಹಿಂದಕ್ಕೆ ತಿರುಗಿದ ಬಾಣ, ಭೂತಗನ್ನಡಿ, ಮೂರು ಚುಕ್ಕೆಗಳು ಬಹುತೇಕ ಎಲ್ಲ ಆ್ಯಪ್‌ಗಳಲ್ಲೂ ಒಂದೇ ಕೆಲಸ ಮಾಡುತ್ತವೆ. ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಹಿಂದಿರುಗುವ ದಾರಿ. ಮರಳಿ ಬರಲು ತಿಳಿದವರು ಮುಂದೆ ಹೋಗಲು ಹೆದರುವುದಿಲ್ಲ.

ದೈಹಿಕ ಅಂಶಗಳು

ಚಾಳೀಸು, ಕಣ್ಣಿನ ಪೊರೆ, ಮಂದ ಶ್ರವಣ ಮತ್ತು ಕೈನಡುಕ ಕಲಿಕೆಯ ವೇಗವನ್ನು ಪ್ರಭಾವಿಸುತ್ತವೆ. ಅಕ್ಷರದ ಗಾತ್ರ ಹಿಗ್ಗಿಸುವುದು, ತೆರೆಯ ಬೆಳಕು ಹೊಂದಿಸುವುದು, ಮೌಸಿನ ಜೋಡಿ ಕ್ಲಿಕ್‌ನ ವೇಗ ತಗ್ಗಿಸುವುದು ಮೊದಲ ದಿನವೇ ಆಗಬೇಕಾದ ಸಿದ್ಧತೆಗಳು. ಈಗಿನ ಸ್ಪರ್ಶತೆರೆಗಳು ಬೆರಳಿನ ವಿದ್ಯುತ್ ಗುಣವನ್ನು ಆಧರಿಸಿ ಕೆಲಸ ಮಾಡುವುದರಿಂದ ಒಣಗಿದ ಬೆರಳ ತುದಿಯನ್ನು ಕೆಲವೊಮ್ಮೆ ಗುರುತಿಸುವುದಿಲ್ಲ. ಆಗ ಹಿರಿಯರು ಇನ್ನಷ್ಟು ಗಟ್ಟಿಯಾಗಿ, ದೀರ್ಘವಾಗಿ ಒತ್ತುತ್ತಾರೆ. ದೀರ್ಘ ಒತ್ತುವಿಕೆಗೆ ಫೋನಿನಲ್ಲಿ ಬೇರೆಯದೇ ಅರ್ಥವಿರುವುದರಿಂದ ಕೇಳದ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ತಪ್ಪು ತಮ್ಮದಲ್ಲ, ಬೆರಳಿನ ತೇವಾಂಶದ್ದು ಎಂದು ತಿಳಿಸಿದರೆ ಅರ್ಧ ಸಂಕೋಚ ಕಳೆಯುತ್ತದೆ. ಮೌಸ್ ಬಳಕೆಗೆ ಇಸ್ಪೀಟಿನ ‘ಸಾಲಿಟೇರ್’ ಆಟ ಒಳ್ಳೆಯ ಅಭ್ಯಾಸ. 1990ರ ವಿಂಡೋಸ್ 3.0 ಆವೃತ್ತಿಯೊಡನೆ ಬಂದ ಈ ಆಟವು ಒಂದು ತಲೆಮಾರಿಗೆ ಎಳೆದು ಬಿಡುವ ಕ್ರಿಯೆಯನ್ನು ಸದ್ದಿಲ್ಲದೆ ಕಲಿಸಿತು.

ಕನ್ನಡದಲ್ಲಿ ಕಲಿಕೆ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ತೆರೆಯು ಎರಡನೆಯ ಗೋಡೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದೆಂಬುದು ಬಹುಮಂದಿಗೆ ತಿಳಿದಿರುವುದಿಲ್ಲ. ಗಣಕದಲ್ಲಿ ಕನ್ನಡ ಬರೆಯಲು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಹಾಗೂ ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶಗಳು ಪ್ರಸಿದ್ಧ. ನುಡಿಯಲ್ಲಿ ಬಳಕೆಯಾಗುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವು ಕಾಗುಣಿತ ಬಲ್ಲವರಿಗೆ ಬೇಗ ಕೈಗೆ ಹತ್ತುತ್ತದೆ. ಅದರಲ್ಲಿ ಒತ್ತಕ್ಷರ ಮೂಡಿಸುವುದು ‘ಎಫ್’ ಕೀಲಿ. ‘ಅಕ್ಕ’ ಎಂದು ಬರೆಯಲು ಅ, ಕ, ಎಫ್, ಕ ಎಂಬ ಕ್ರಮದಲ್ಲಿ ಒತ್ತಬೇಕು. ಬಾಲ್ಯದಲ್ಲಿ ಮರಳ ಮೇಲೆ ಅಕ್ಷರ ತಿದ್ದಿದವರು ಈ ತರ್ಕವನ್ನು ಇಂದಿನ ಮಕ್ಕಳಿಗಿಂತ ಸುಲಭವಾಗಿ ಗ್ರಹಿಸುತ್ತಾರೆಂದರೆ ಅತಿಶಯೋಕ್ತಿಯಾಗದು.

ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಮೂಲಕ ಕನ್ನಡ ಮೂಡಿಸುವ ವಿಧಾನ ಯುವಜನರಿಗೆ ಪ್ರಿಯವಾದರೂ ರೋಮನ್ ಲಿಪಿ ಬಾರದ ಹಿರಿಯರಿಗೆ ನಿರುಪಯುಕ್ತ. ಅವರಿಗೆ ಬೆರಳಿನಿಂದ ಬರೆಯುವ ಸೌಲಭ್ಯ ಮತ್ತು ಧ್ವನಿ ಟಂಕನ ವರದಾನವಾಗಿವೆ. ಪಾಸ್‌ವರ್ಡ್ ಹಾಗೂ ವಕ್ರಾಕ್ಷರಗಳ ಕ್ಯಾಪ್ಚಾ ಮಾತ್ರ ಇನ್ನೂ ಬಹುತೇಕ ರೋಮನ್ ಲಿಪಿಯಲ್ಲೇ ಉಳಿದು, ಕನ್ನಡ ಪುಟದ ಬಾಗಿಲಲ್ಲೂ ಇಂಗ್ಲಿಷ್ ಕೇಳುತ್ತವೆ.

ಭಾರತದಲ್ಲಿನ ಯೋಜನೆಗಳು

2017ರಲ್ಲಿ ಕೇಂದ್ರ ಸರ್ಕಾರ ಅನುಮೋದಿಸಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು 6 ಕೋಟಿ ಗ್ರಾಮೀಣರಿಗೆ ತರಬೇತಿ ನೀಡುವ ಗುರಿ ಹೊಂದಿತ್ತು. ಮನೆಗೊಬ್ಬರಂತೆ 20 ಗಂಟೆಗಳ ಈ ತರಬೇತಿಗೆ ಅರ್ಹರ ವಯೋಮಿತಿ 14ರಿಂದ 60 ವರ್ಷ. ಅಂದರೆ ಕಾನೂನು ಯಾರನ್ನು ಹಿರಿಯ ನಾಗರಿಕರೆನ್ನುವುದೋ ಅವರು ಯೋಜನೆಯ ಹೊರಗೇ ಉಳಿದರು. ಇದಕ್ಕೂ ಮೊದಲೇ, 2014ರ ನವೆಂಬರ್‌ನಲ್ಲಿ, ಪಿಂಚಣಿದಾರರ ಡಿಜಿಟಲ್ ಜೀವನ ಪ್ರಮಾಣಪತ್ರದ ಸೌಲಭ್ಯವಾದ ‘ಜೀವನ ಪ್ರಮಾಣ’ ಜಾರಿಗೆ ಬಂದಿತ್ತು. ಅದು ಬಹುಮಟ್ಟಿಗೆ ಹಿರಿಯರಿಗೇ ಸಂಬಂಧಿಸಿದ್ದು. ಅದನ್ನು ಬಳಸಲು ಕಲಿಸಬೇಕಾದ ಯೋಜನೆಯಲ್ಲಿ ಮಾತ್ರ ಅವರಿಗೆ ಸ್ಥಳವಿರಲಿಲ್ಲ. ದುಡಿಮೆಯಿಂದ ಬೆರಳಚ್ಚು ಸವೆದವರಿಗೆ ಬೆರಳಚ್ಚಿನ ದೃಢೀಕರಣ ಕಷ್ಟವಾಗುತ್ತಿತ್ತು. 2021ರಲ್ಲಿ ಮುಖ ಗುರುತಿಸುವ ವಿಧಾನ ಬಂದ ಮೇಲೆ ಈ ತೊಂದರೆ ತಗ್ಗಿತು.

ನೆರೆಯ ಕೇರಳದ ಮಾದರಿ ಭಿನ್ನವಾದುದು. ಅಲ್ಲಿ 2002ರಲ್ಲೇ ಮಲಪ್ಪುರಂ ಜಿಲ್ಲೆಯಲ್ಲಿ ಆರಂಭವಾದ ‘ಅಕ್ಷಯ’ ಯೋಜನೆ ಮನೆಗೊಬ್ಬರನ್ನು ಗಣಕ ಸಾಕ್ಷರರನ್ನಾಗಿಸಲು ಹೊರಟಿತು. ‘ಡಿಜಿ ಕೇರಳ’ ಅಭಿಯಾನದಲ್ಲಿ ಸ್ವಯಂಸೇವಕರು ಮನೆಮನೆಗೆ ತೆರಳಿ ಕಲಿಸಿದರು. ನೂರು ದಾಟಿದವರೂ ಕಲಿತರು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರವು ರಾಜ್ಯವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರವೆಂದು ಘೋಷಿಸಿತು. ಕರ್ನಾಟಕದಲ್ಲಿ ‘ಗ್ರಾಮ ಒನ್’ ಕೇಂದ್ರಗಳು ಸೇವೆಯನ್ನು ಹಳ್ಳಿಗೆ ತಂದಿವೆಯಾದರೂ ಅಲ್ಲಿ ಕೆಲಸ ಮಾಡಿಕೊಡಲಾಗುತ್ತದೆ, ಕಲಿಸಲಾಗುವುದಿಲ್ಲ. ‘ಅರಿವು ಕೇಂದ್ರ’ಗಳಾಗಿ ರೂಪಾಂತರಗೊಂಡ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂತಹ ತರಗತಿಗಳಿಗೆ ತಕ್ಕ ಸ್ಥಳ.

ಸುರಕ್ಷತೆ

ಹಿರಿಯರ ಜೀವಮಾನದ ಉಳಿತಾಯವೇ ವಂಚಕರ ಗುರಿಯಾಗಿರುವುದರಿಂದ ಸುರಕ್ಷತೆಯ ಪಾಠವನ್ನು ಕೊನೆಗೆ ಮುಂದೂಡುವಂತಿಲ್ಲ. ಯುಪಿಐ ಪಾವತಿಯಲ್ಲಿ ಹಣ ಕೊಡುವಾಗ ಮಾತ್ರ ಪಿನ್ ಬೇಕು, ಪಡೆಯುವಾಗ ಬೇಡ ಎಂಬ ಒಂದೇ ಸಂಗತಿ ಗಟ್ಟಿಯಾದರೆ ಅನೇಕ ಮೋಸಗಳು ನಿಷ್ಫಲವಾಗುತ್ತವೆ. ಪೊಲೀಸ್ ಸಮವಸ್ತ್ರ ಧರಿಸಿ ವಿಡಿಯೊ ಕರೆಯಲ್ಲಿ ಬೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯ ಕುರಿತು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಎಚ್ಚರಿಸಿದ್ದರು, ಭಾರತದ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ.

ಇಂತಹ ಪಾಠವನ್ನು ಉಪದೇಶದಿಂದಲ್ಲ, ಅಭಿನಯದಿಂದ ಕಲಿಸುವುದು ಫಲಕಾರಿ. ತರಗತಿಯಲ್ಲಿ ಒಬ್ಬರು ವಂಚಕರಾಗಿ ಕರೆ ಮಾಡಿ, ಮತ್ತೊಬ್ಬರು ಕರೆ ಕಡಿದುಹಾಕುವುದನ್ನು ರೂಢಿಸಿಕೊಳ್ಳಬೇಕು. ದೊಡ್ಡ ಹುದ್ದೆಯ ಹೆಸರು ಹೇಳಿದವರ ಮಾತನ್ನು ನಡುವೆ ತುಂಡರಿಸುವುದು ಅಸಭ್ಯವೆಂದು ಬೆಳೆದ ತಲೆಮಾರಿಗೆ ಇದೇ ಕಠಿಣವಾದ ಅಭ್ಯಾಸ. ಮೋಸಹೋದವರು ಮಕ್ಕಳೆದುರು ನಾಚಿ ವಿಷಯವನ್ನು ಮುಚ್ಚಿಡುವುದರಿಂದ ಅಮೂಲ್ಯ ಸಮಯ ಕಳೆದುಹೋಗುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಬೇಗ ದೂರು ತಲುಪಿದಷ್ಟೂ ಹಣವು ಮುಂದಿನ ಖಾತೆಗೆ ಸಾಗದಂತೆ ತಡೆಯುವ ಸಾಧ್ಯತೆ ಹೆಚ್ಚು. ಈ ಸಂಖ್ಯೆಯನ್ನು ಫೋನಿನಲ್ಲಿ ಮಾತ್ರವಲ್ಲದೆ ನೋಟುಪುಸ್ತಕದ ಮೊದಲ ಪುಟದಲ್ಲೂ ಬರೆಸುವುದು ವಾಡಿಕೆಯಾಗಬೇಕು.