ಜೆಟ್ ಎಂಜಿನ್ ಟರ್ಬೈನ್ ಬ್ಲೇಡ್‌ಗಳ ಸುರಕ್ಷತಾ ತಪಾಸಣೆ

ಟರ್ಬೈನ್ ಬ್ಲೇಡ್ ತಪಾಸಣೆ ಎಂಬುದು ಜೆಟ್ ಎಂಜಿನ್ನಿನ ಬಿಸಿ ಭಾಗದಲ್ಲಿ ತಿರುಗುವ ಬ್ಲೇಡ್‌ಗಳಲ್ಲಿನ ಬಿರುಕು, ಸವೆತ, ಸುಟ್ಟ ಗುರುತು ಮೊದಲಾದ ದೋಷಗಳನ್ನು, ಬ್ಲೇಡ್ ಮುರಿಯುವ ಮೊದಲೇ ಪತ್ತೆಹಚ್ಚುವ ಕಾರ್ಯವಾಗಿದೆ. ಭಾರತದಲ್ಲಿ ನಾಗರಿಕ ವಿಮಾನಗಳ ವಾಯುಯೋಗ್ಯತೆಯ ಹೊಣೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅಥವಾ ಡಿಜಿಸಿಎಗೆ ಸೇರಿದೆ. ಸೇನಾ ವಿಮಾನ ಮತ್ತು ಎಂಜಿನ್‌ಗಳ ವಾಯುಯೋಗ್ಯತಾ ಪ್ರಮಾಣೀಕರಣವನ್ನು ಬೆಂಗಳೂರಿನಲ್ಲಿರುವ, ಡಿಆರ್‌ಡಿಓ ಅಧೀನದ ಸೆಮಿಲಾಕ್ ಸಂಸ್ಥೆ ನಿರ್ವಹಿಸುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಮಾನವರಹಿತ ವಿಮಾನಗಳ ಹಾರಾಟ ಪರೀಕ್ಷಾ ಕೇಂದ್ರವಿದೆ.

ಬ್ಲೇಡ್‌ಗಳು ಹಾನಿಗೊಳ್ಳುವ ಬಗೆ

ಆಧುನಿಕ ದೊಡ್ಡ ಎಂಜಿನ್‌ಗಳಲ್ಲಿ ಟರ್ಬೈನನ್ನು ಪ್ರವೇಶಿಸುವ ಅನಿಲದ ಉಷ್ಣತೆ 1500 ಡಿಗ್ರಿ ಸೆಲ್ಸಿಯಸ್ ಮೀರಬಲ್ಲದು. ಇದು ಬ್ಲೇಡಿನ ನಿಕ್ಕಲ್ ಮಿಶ್ರಲೋಹ ಕರಗುವ ಉಷ್ಣತೆಗಿಂತಲೂ ಹೆಚ್ಚು. ಬ್ಲೇಡಿನ ಒಳಗಿನ ಕಿರುಕಾಲುವೆಗಳಲ್ಲಿ ಹರಿಯುವ ಗಾಳಿ ಹಾಗೂ ಮೇಲ್ಮೈಯ ಲೇಪನ ಇವೆರಡರಿಂದಲೇ ಅದು ಉಳಿಯುತ್ತದೆ. ಆದ್ದರಿಂದ ಕಿರುರಂಧ್ರವೊಂದು ಮುಚ್ಚಿಕೊಂಡರೆ ಅಥವಾ ಲೇಪನದ ಒಂದು ಚಕ್ಕೆ ಉದುರಿದರೆ ಆ ಜಾಗ ಬೇಗನೆ ಕೆಡತೊಡಗುತ್ತದೆ. ಪ್ರತಿ ಹಾರಾಟದಲ್ಲೂ ಕಾಯ್ದು ತಣಿಯುವುದರಿಂದ ಲೋಹ ದಣಿದು ಬಿರುಕು ಬಿಡುತ್ತದೆ; ಬಿಸಿ ಮತ್ತು ಅಪಕೇಂದ್ರ ಬಲದ ಒಟ್ಟು ಪರಿಣಾಮವಾಗಿ ಬ್ಲೇಡ್ ವರ್ಷಗಳಲ್ಲಿ ಅತಿ ನಿಧಾನವಾಗಿ ಉದ್ದವಾಗುತ್ತದೆ; ಗಂಧಕದ ಲವಣಗಳು ಅದನ್ನು ಕೊರೆಯುತ್ತವೆ.

ಬ್ಲೇಡ್ ಮತ್ತು ಡಿಸ್ಕ್: ನಿಯಮದಲ್ಲಿನ ಭೇದ

ಬ್ಲೇಡ್‌ಗಳನ್ನು ಹಿಡಿದಿರುವ ಡಿಸ್ಕ್ ಒಡೆದರೆ ಅದರ ತುಂಡುಗಳನ್ನು ಎಂಜಿನ್ನಿನ ಕವಚ ತಡೆಯಲಾರದು. ಆದುದರಿಂದ ಡಿಸ್ಕಿಗೆ ನಿಗದಿತ ಆಯುಷ್ಯವಿದ್ದು, ಅಷ್ಟು ಹಾರಾಟಗಳು ಮುಗಿದೊಡನೆ ಅದು ಹೊರನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಬೇಕು. ಬ್ಲೇಡಿನ ವಿಷಯ ಬೇರೆ. ಅಮೆರಿಕದ ಸಂಯುಕ್ತ ವಾಯುಯಾನ ನಿಯಮಗಳ 33.94ನೇ ವಿಧಿಯ ಪ್ರಕಾರ, ಅತ್ಯಂತ ನಿರ್ಣಾಯಕವಾದ ಟರ್ಬೈನ್ ಬ್ಲೇಡ್ ಗರಿಷ್ಠ ವೇಗದಲ್ಲಿ ಮುರಿದರೂ ಎಂಜಿನ್ ಕನಿಷ್ಠ 15 ಸೆಕೆಂಡು ಬೆಂಕಿ ಹೊತ್ತದೆ ಹಾನಿಯನ್ನು ಒಳಗೇ ಹಿಡಿದಿಡಬೇಕು. ಈ ಭರವಸೆಯಿರುವುದರಿಂದ ನಾಗರಿಕ ಎಂಜಿನ್‌ಗಳ ಬ್ಲೇಡ್‌ಗಳು ಸಾಮಾನ್ಯವಾಗಿ ಸ್ಥಿತಿಯನ್ನು ನೋಡಿ ಮುಂದುವರಿಸುವ ಭಾಗಗಳಾಗಿವೆ. ಹೀಗಾಗಿ ತಪಾಸಣೆಯೇ ಅವುಗಳ ಆಯುಷ್ಯವನ್ನು ನಿರ್ಧರಿಸುತ್ತದೆ.

ಆದರೆ ಕವಚ ಪಕ್ಕಕ್ಕೆ ಚಿಮ್ಮುವುದನ್ನು ತಡೆಯುತ್ತದೆಯೇ ಹೊರತು ಹಿಂಬದಿಯ ದಾರಿಯನ್ನು ಮುಚ್ಚುವುದಿಲ್ಲ. 2019ರ ಆಗಸ್ಟ್ 10ರಂದು ರೋಮ್‌ನಿಂದ ಹೊರಟ ಬೋಯಿಂಗ್ 787 ವಿಮಾನದ ಟ್ರೆಂಟ್ 1000 ಎಂಜಿನ್ನಿನಲ್ಲಿ ಟರ್ಬೈನ್ ಬ್ಲೇಡ್ ಮುರಿದು, ಲೋಹದ ಚೂರುಗಳು ಫ್ಯೂಮಿಚೀನೊ ಪಟ್ಟಣದ ಮನೆ ಹಾಗೂ ಕಾರುಗಳ ಮೇಲೆ ಬಿದ್ದವು.

ತಪಾಸಣಾ ವಿಧಾನಗಳು

ಎಂಜಿನ್ ರೆಕ್ಕೆಯ ಮೇಲಿರುವಾಗಲೇ ನಡೆಯುವುದು ಬೋರೋಸ್ಕೋಪ್ ತಪಾಸಣೆ. ಕವಚದಲ್ಲಿನ ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಒಳತೂರಿಸಿ, ರೋಟರನ್ನು ನಿಧಾನವಾಗಿ ತಿರುಗಿಸುತ್ತ ಒಂದೊಂದೇ ಬ್ಲೇಡನ್ನು ನೋಡಲಾಗುತ್ತದೆ. ಎಣಿಕೆ ತಪ್ಪಿದರೆ ಒಂದು ಬ್ಲೇಡ್ ನೋಡದೆಯೇ ಉಳಿಯಬಹುದಾದ್ದರಿಂದ ಆರಂಭದ ಬ್ಲೇಡನ್ನು ಗುರುತಿಟ್ಟುಕೊಳ್ಳುವುದು ಮುಖ್ಯ. ಕಂಡ ದೋಷವನ್ನು ತಯಾರಕರ ಕೈಪಿಡಿಯ ಮಿತಿಗಳೊಡನೆ ಹೋಲಿಸಬೇಕು. ಬಿರುಕಿನ ಉದ್ದದಷ್ಟೇ ಅದಿರುವ ಜಾಗವೂ ಗಣನೆಗೆ ಬರುತ್ತದೆ: ತುದಿಯಲ್ಲಿ ಸಹಿಸಬಹುದಾದದ್ದು ಬುಡದಲ್ಲಿ ಸಲ್ಲದು. ಫಲಿತಾಂಶ ಮೂರರಲ್ಲೊಂದು: ಹಾರಾಟ ಮುಂದುವರಿಸುವುದು, ಕಡಿಮೆ ಅವಧಿಯಲ್ಲಿ ಮತ್ತೆ ನೋಡುವುದು, ಇಲ್ಲವೇ ಎಂಜಿನ್ ಇಳಿಸುವುದು.

ಇಳಿಸಿ ಬಿಚ್ಚಿದ ಬ್ಲೇಡ್‌ಗಳಿಗೆ ಹೊಳೆಯುವ ದ್ರವವನ್ನು ಹಚ್ಚಿ, ತೊಳೆದು, ನೇರಳಾತೀತ ಬೆಳಕಿನಲ್ಲಿ ನೋಡಿದಾಗ ಬಿರುಕಿನೊಳಗೆ ಉಳಿದ ದ್ರವ ಗೆರೆಯಾಗಿ ಮಿನುಗುತ್ತದೆ. ಈ ವಿಧಾನಕ್ಕೆ ಮೇಲ್ಮೈಯವರೆಗೆ ಬಂದ ಬಿರುಕು ಮಾತ್ರ ಸಿಗುತ್ತದೆ. ಬುಡದ ಬಿರುಕಿಗೆ ಎಡ್ಡಿ ಕರೆಂಟ್, ಒಳಗಿನ ದೋಷಕ್ಕೆ ಎಕ್ಸ್-ರೇ, ಗೋಡೆಯ ದಪ್ಪಕ್ಕೆ ಶ್ರವಣಾತೀತ ತರಂಗ ಬಳಕೆಯಲ್ಲಿವೆ.

ಭಾರತದಲ್ಲಿ

ವಿನ್ಯಾಸ ಮಾಡಿದ ದೇಶದ ಪ್ರಾಧಿಕಾರ ಹೊರಡಿಸುವ ವಾಯುಯೋಗ್ಯತಾ ನಿರ್ದೇಶನಗಳು ಇಲ್ಲಿ ನೋಂದಣಿಯಾದ ವಿಮಾನಗಳಿಗೂ ಅನ್ವಯಿಸುತ್ತವೆ. 2019ರಲ್ಲಿ ಇಂಡಿಗೋದ ಎ320 ನಿಯೋ ವಿಮಾನಗಳ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳಲ್ಲಿ ಕಡಿಮೆ ಒತ್ತಡದ ಟರ್ಬೈನಿನ ಮೂರನೇ ಹಂತದ ಬ್ಲೇಡ್‌ಗಳು ವಿಫಲವಾದಾಗ ಡಿಜಿಸಿಎ ಬರಿಯ ತಪಾಸಣೆಯಿಂದ ತೃಪ್ತವಾಗಲಿಲ್ಲ. ನವೆಂಬರ್ 1ರಂದು, ಎಲ್ಲ 97 ವಿಮಾನಗಳಿಗೂ ಮಾರ್ಪಡಿಸಿದ ಎಂಜಿನ್‌ಗಳನ್ನು 2020ರ ಜನವರಿ 31ರೊಳಗೆ ಅಳವಡಿಸಬೇಕೆಂದು ಆದೇಶಿಸಿತು. ಗಡುವನ್ನು ಅನಂತರ ವಿಸ್ತರಿಸಲಾಯಿತು. ವಿನ್ಯಾಸದಲ್ಲೇ ಕೊರತೆಯಿರುವಾಗ ತಪಾಸಣೆ ಸಾಲದೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಸೇನಾ ಕ್ಷೇತ್ರದಲ್ಲಿ ಎಚ್‌ಎಎಲ್‌ನ ಎಂಜಿನ್ ವಿಭಾಗ 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಹೈದರಾಬಾದಿನ ಡಿಎಂಆರ್‌ಎಲ್ ಪ್ರಯೋಗಾಲಯ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಏಕಸ್ಫಟಿಕ ಬ್ಲೇಡ್‌ಗಳನ್ನು ರೂಪಿಸಿ, ಅವುಗಳಲ್ಲಿ 60ನ್ನು 2021ರಲ್ಲಿ ಎಚ್‌ಎಎಲ್‌ಗೆ ಒದಗಿಸಿತು. ಇಂಥ ಬ್ಲೇಡಿನಲ್ಲಿ ಬಿರುಕಿಲ್ಲದಿದ್ದರೆ ಸಾಲದು, ಸ್ಫಟಿಕದ ದಿಕ್ಕು ಸರಿಯಿದೆಯೇ ಎಂಬುದನ್ನೂ ಎಕ್ಸ್-ರೇ ವಿವರ್ತನೆಯಿಂದ ಪರೀಕ್ಷಿಸಬೇಕಾಗುತ್ತದೆ.

ಚಳ್ಳಕೆರೆಯ ಪರೀಕ್ಷಾ ವಲಯ

ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ವಲಯ ಚಳ್ಳಕೆರೆ ತಾಲ್ಲೂಕಿನ ಹಿಂದಿನ ಅಮೃತಮಹಲ್ ಕಾವಲು ಭೂಮಿಯಲ್ಲಿದ್ದು, 2017ರ ಮೇ 28ರಂದು ಉದ್ಘಾಟನೆಯಾಯಿತು. ಸಣ್ಣ ಟರ್ಬೋಫ್ಯಾನ್ ಎಂಜಿನ್ ಹೊಂದಿದ, ಸ್ವಯಂಚಾಲಿತ ಹಾರುರೆಕ್ಕೆ ವಿಮಾನದ ಮೊದಲ ಹಾರಾಟ 2022ರ ಜುಲೈ 1ರಂದು ಇಲ್ಲಿ ನಡೆಯಿತು. ಮಾನವರಹಿತ ವಿಮಾನದಲ್ಲಿ ಎಂಜಿನ್ನಿನ ಅಸಹಜ ಕಂಪನವನ್ನು ಮೈಯಲ್ಲೇ ಅರಿತು ವೇಗ ತಗ್ಗಿಸುವ ಪೈಲಟ್ ಇರುವುದಿಲ್ಲ. ನೆಲಕ್ಕೆ ರವಾನೆಯಾಗುವ ಮಾಪನಗಳು ಮತ್ತು ಹಾರಾಟಕ್ಕೆ ಮುನ್ನ ನಡೆಸಿದ ತಪಾಸಣೆ ಇವೇ ಆಧಾರ.

ಚಳ್ಳಕೆರೆ ಮತ್ತು ನೆರೆಯ ಮೊಳಕಾಲ್ಮೂರು ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನಲ್ಲಿವೆ. ಒಣ ಪ್ರದೇಶಗಳ ಧೂಳು ಎಂಜಿನ್‌ಗಳಿಗೆ ಎರಡು ಬಗೆಯಲ್ಲಿ ಮಾರಕ: ಮುಂಭಾಗದ ಕಂಪ್ರೆಸರ್ ಬ್ಲೇಡ್‌ಗಳನ್ನು ಅದು ಉಜ್ಜಿ ಸವೆಸುತ್ತದೆ, ಸುಮಾರು 1200 ಡಿಗ್ರಿ ಮೀರುವ ಟರ್ಬೈನ್‌ಗಳಲ್ಲಿ ಕರಗಿ ಗಾಜಿನಂತೆ ಅಂಟಿ ಲೇಪನವನ್ನು ಕೆಡಿಸುತ್ತದೆ, ತಂಪುರಂಧ್ರಗಳನ್ನು ಮುಚ್ಚುತ್ತದೆ. ಆದ್ದರಿಂದ ಧೂಳಿನ ಪರಿಸರದಲ್ಲಿ ಹಾರುವ ದೊಡ್ಡ ಎಂಜಿನ್‌ಗಳಿಗೆ ಬೋರೋಸ್ಕೋಪ್ ತಪಾಸಣೆಯ ಅಂತರವನ್ನು ತಯಾರಕರು ಕಿರಿದುಗೊಳಿಸುವುದುಂಟು.