ಒಗೆಯುವವರ ಗಿಡ

ಬೀಜದ ಪೊಟ್ಟಣದ ಮೇಲೆ ಇಂದು ಅದು ಕೇವಲ ಅಲಂಕಾರದ ಹೂವು. ಐದು ದಳ, ಮಾಸಲು ಗುಲಾಬಿ ಬಣ್ಣ, ಸಂಜೆಯಾದಂತೆ ಹೆಚ್ಚುವ ಪರಿಮಳ. ಮೊಣಕಾಲಿನಿಂದ ಸೊಂಟದವರೆಗೆ ಬೆಳೆಯುವ, ಕಾರ್ನೇಷನ್ ಬಳಗಕ್ಕೆ ಸೇರಿದ ಗಿಡ. ಇಂಗ್ಲಿಷಿನಲ್ಲಿ ಅದನ್ನು ಸೋಪ್‌ವರ್ಟ್ ಎನ್ನುತ್ತಾರೆ. 1753ರಲ್ಲಿ ಲಿನೇಯಸ್ ಅದನ್ನು ಸಪೊನೇರಿಯಾ ಅಫಿಸಿನಾಲಿಸ್ ಎಂಬ ಹೆಸರಿನಲ್ಲಿ ದಾಖಲಿಸಿದ. ಮೊದಲ ಪದದಲ್ಲಿ ಸಾಬೂನಿದೆ, ಎರಡನೆಯದರಲ್ಲಿ ಗಿಡಮೂಲಿಕೆಯ ಉಗ್ರಾಣವಿದೆ. ಹೂವಿನ ಸುಳಿವು ಎರಡರಲ್ಲಿಯೂ ಇಲ್ಲ. ಯುರೋಪು ಮತ್ತು ಪಶ್ಚಿಮ ಏಷ್ಯಾ ಅದರ ತವರಾದ್ದರಿಂದ ಕನ್ನಡದಲ್ಲಿ ಅದಕ್ಕೊಂದು ಮನೆಮಾತಿನ ಹೆಸರು ಹುಟ್ಟಿಲ್ಲ. ಈ ಬರಹದ ಮಟ್ಟಿಗೆ ನಾವು ಅದನ್ನು ನೊರೆಗಿಡವೆಂದು ಕರೆಯುತ್ತೇವೆ.

ಎಲೆಯನ್ನೋ ಬೇರನ್ನೋ ಜಜ್ಜಿ ನೀರಿನಲ್ಲಿ ಕದಡಿದರೆ ನೊರೆ ಏಳುತ್ತದೆ. ನಮ್ಮ ಅಂಟುವಾಳಕಾಯಿಯಲ್ಲಿಯೂ ಸೀಗೆಕಾಯಿಯಲ್ಲಿಯೂ ಇರುವ ಸಪೋನಿನ್ ಎಂಬ ದ್ರವ್ಯವರ್ಗವೇ ಇದಕ್ಕೂ ಕಾರಣ. ಸಪೋನಿನ್ನಿನ ಕಣಕ್ಕೆ ಒಂದು ತುದಿಯಲ್ಲಿ ನೀರಿನ ಸ್ನೇಹ, ಇನ್ನೊಂದು ತುದಿಯಲ್ಲಿ ಜಿಡ್ಡಿನ ಸ್ನೇಹ. ಆದ್ದರಿಂದ ಅದು ಜಿಡ್ಡನ್ನು ಹಿಡಿದು ನೀರಿಗೆ ಒಪ್ಪಿಸುತ್ತದೆ. ಸಾಬೂನೂ ಮಾಡುವುದು ಇದನ್ನೇ. ಆದರೆ ಸಾಬೂನು ಕ್ಷಾರದ ಮಗು. ಉಣ್ಣೆ ಮತ್ತು ರೇಷ್ಮೆ ಪ್ರಾಣಿಜನ್ಯವಾದ ಪ್ರೋಟೀನಿನ ಎಳೆಗಳಾದ್ದರಿಂದ ಅವಕ್ಕೆ ಕ್ಷಾರವಾಗದು. ಧಾರೆಸೀರೆಯನ್ನು ಸಾಬೂನಿಗೆ ಹಾಕಬೇಡ, ಅಂಟುವಾಳಕ್ಕೆ ಹಾಕು ಎಂದು ಹೇಳಿದ ಅಜ್ಜಿಯರಿಗೆ ಪ್ರೋಟೀನಿನ ಹೆಸರು ಗೊತ್ತಿರಬೇಕಾದ ಅಗತ್ಯವಿರಲಿಲ್ಲ.

ಯುರೋಪಿನಲ್ಲಿ ನೊರೆಗಿಡದ ಚರಿತ್ರೆ ಉಣ್ಣೆಯ ಚರಿತ್ರೆಗೆ ಅಂಟಿಕೊಂಡಿದೆ. ಮಗ್ಗದಿಂದ ಇಳಿದ ಉಣ್ಣೆಬಟ್ಟೆ ಕೂಡಲೇ ತೊಡುವಂಥದ್ದಲ್ಲ. ಅದರಲ್ಲಿ ಕುರಿಯ ಜಿಡ್ಡಿರುತ್ತದೆ, ನೇಯ್ಗೆ ಸಡಿಲವಾಗಿರುತ್ತದೆ. ಅದನ್ನು ತೊಟ್ಟಿಯಲ್ಲಿ ಹಾಕಿ ಗಂಟೆಗಟ್ಟಲೆ ತುಳಿದು, ಬಡಿದು, ಜಿಡ್ಡು ಬಿಡಿಸಿ, ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುವಂತೆ ಮಾಡುತ್ತಿದ್ದವರನ್ನು ಫುಲ್ಲರ್ ಎನ್ನುತ್ತಿದ್ದರು. ಹಳಸಿದ ಮೂತ್ರ, ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣು, ನೊರೆ ಬಿಡುವ ಬೇರು ಇವು ಅವರ ಸಾಮಗ್ರಿಗಳು. ನಮ್ಮ ಮಡಿವಾಳರು ಚೌಳುಮಣ್ಣನ್ನು ಬಳಸುತ್ತಿದ್ದುದನ್ನು ನೆನೆದರೆ ಈ ಪಟ್ಟಿ ಅಷ್ಟೇನೂ ಪರಕೀಯವೆನಿಸದು. ಮಧ್ಯಯುಗದಲ್ಲಿ ಹೊಳೆಯ ದಂಡೆಗಳಲ್ಲಿ ನೀರಿನ ಚಕ್ರದಿಂದ ನಡೆಯುವ ಗಿರಣಿಗಳು ಬಂದವು; ಕಾಲು ತುಳಿಯುತ್ತಿದ್ದ ಬಟ್ಟೆಯನ್ನು ಮರದ ಕೊಡತಿಗಳು ಬಡಿಯತೊಡಗಿದವು. ಫುಲ್ಲರ್, ವಾಕರ್, ಟಕರ್ ಎಂಬ ಮೂರು ಸಾಮಾನ್ಯ ಇಂಗ್ಲಿಷ್ ಮನೆತನದ ಹೆಸರುಗಳು ಹುಟ್ಟಿದ್ದು ಇದೊಂದೇ ಕಸುಬಿನಿಂದ. ವಾಕರ್ ಎಂದರೆ ಬಟ್ಟೆಯ ಮೇಲೆ ನಡೆದವನು. ಫ್ರೆಂಚರಲ್ಲಿ ಈ ಗಿಡಕ್ಕೆ ಫುಲ್ಲರನ ಮೂಲಿಕೆ ಎಂಬರ್ಥದ ಹೆಸರೊಂದಿದೆ. ಜರ್ಮನರು ನೇರವಾಗಿ ಸಾಬೂನುಗಿಡ ಎನ್ನುತ್ತಾರೆ.

1597ರಲ್ಲಿ ಪ್ರಕಟವಾದ ಜಾನ್ ಜೆರಾರ್ಡನ ದೊಡ್ಡ ಮೂಲಿಕೆ ಗ್ರಂಥದಲ್ಲಿ ನೊರೆಗಿಡಕ್ಕೆ ಜಾಗವಿದೆ. ಜಜ್ಜಿದ ಎಲೆಯ ರಸ ಹೆಚ್ಚುಕಡಿಮೆ ಸಾಬೂನಿನಷ್ಟೇ ಚೆನ್ನಾಗಿ ಕೊಳೆ ತೆಗೆಯುತ್ತದೆ ಎಂದು ಅವನು ಬರೆಯುತ್ತಾನೆ. ಆ 'ಹೆಚ್ಚುಕಡಿಮೆ'ಯನ್ನು ಗಮನಿಸಬೇಕು. ಸಾಬೂನು ಆಗಲೇ ಅಳತೆಗೋಲಾಗಿತ್ತು. ಗಿಡ ಅದರೆದುರು ನಿಂತು ತನ್ನ ಯೋಗ್ಯತೆಯನ್ನು ತೋರಿಸಬೇಕಾಗಿತ್ತು. ಆದರೂ ಬಡವರ ಕೈಗೆ ಸಾಬೂನು ಎಟುಕುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಆನ್ ರಾಣಿಯ ಕಾಲದಲ್ಲಿ, 1712ರಲ್ಲಿ, ಸಾಬೂನಿನ ಮೇಲೆ ಸುಂಕ ಬಿತ್ತು. ಅದು ಸಂಪೂರ್ಣವಾಗಿ ರದ್ದಾದದ್ದು 1853ರಲ್ಲಿ, ಗ್ಲ್ಯಾಡ್‌ಸ್ಟನ್ ಹಣಕಾಸು ಮಂತ್ರಿಯಾಗಿದ್ದಾಗ. ನಡುವಿನ ಒಂದು ಶತಮಾನಕ್ಕೂ ಮೀರಿದ ಕಾಲ ಕೊಳೆ ತೊಳೆದುಕೊಳ್ಳುವುದು ಅಲ್ಲಿ ತೆರಿಗೆ ಕಟ್ಟಬೇಕಾದ ಸಂಗತಿಯಾಗಿತ್ತು. ಹಿತ್ತಿಲಲ್ಲಿ ಬೆಳೆಯುವ ಗಿಡಕ್ಕೆ ಸುಂಕವಿರಲಿಲ್ಲ.

ವಲಸೆ ಹೋದವರೊಂದಿಗೆ ನೊರೆಗಿಡ ಅಮೆರಿಕಕ್ಕೂ ದಾಟಿತು. ಅಲ್ಲಿ ಅದಕ್ಕೆ 'ಬೌನ್ಸಿಂಗ್ ಬೆಟ್' ಎಂಬ ಹೆಸರು ರೂಢಿಯಲ್ಲಿದೆ. ಬೆಟ್ ಎಂದರೆ ಎಲಿಜಬೆತ್. ಒಗೆಯುವ ಹೆಂಗಸೊಬ್ಬಳು ತೊಟ್ಟಿಯ ಮೇಲೆ ಬಾಗಿ ಮೈ ಕುಣಿಸುತ್ತ ಬಟ್ಟೆ ಉಜ್ಜುವ ಚಿತ್ರ ಆ ಹೆಸರಿನಲ್ಲಿದೆ ಎಂದು ವಿವರಿಸುವವರುಂಟು. ಇಂದು ಅಲ್ಲಿ ಅದು ರಸ್ತೆಬದಿಯ ಕಳೆ, ರೈಲುಹಳಿಯ ದಿಬ್ಬದ ಕಳೆ. ಮನೆ ಕುಸಿದು, ಸೂರು ಹೋಗಿ, ಅಡಿಪಾಯದ ಕಲ್ಲಷ್ಟೇ ಉಳಿದ ಹಳೆಯ ನಿವೇಶನಗಳಲ್ಲಿಯೂ ಅದು ಗುಂಪುಗಟ್ಟಿ ಹೂ ಬಿಡುತ್ತದೆ.

ನಮ್ಮ ಆಸಕ್ತಿ ಇರುವುದು ಇಲ್ಲಿಯೇ. ನೊರೆಗಿಡ ಬೀಜಕ್ಕಿಂತ ಹೆಚ್ಚಾಗಿ ನೆಲದೊಳಗಿನ ಬೇರುಕಾಂಡದಿಂದ ಹಬ್ಬುತ್ತದೆ. ಗಾಳಿಯಲ್ಲಿ ತೇಲಿ ದೂರ ಹೋಗುವ ರೆಕ್ಕೆಬೀಜ ಅದಕ್ಕಿಲ್ಲ. ಆದ್ದರಿಂದ ಯಾರೋ ನೆಟ್ಟ ಜಾಗದಲ್ಲಿಯೇ, ನೆಟ್ಟವರು ಸತ್ತ ಮೇಲೂ, ತಲೆಮಾರುಗಳ ಕಾಲ ಉಳಿದುಬಿಡುತ್ತದೆ. ದಿನವಿಡೀ ಕಡತಗಳ ನಡುವೆ ಕೂರುವ ನಮಗೆ ದಾಖಲೆಯಲ್ಲಿಲ್ಲದ್ದು ಇಲ್ಲವೇ ಇಲ್ಲವೆಂದು ಭಾವಿಸುವ ಅಭ್ಯಾಸವಿದೆ. ಗಿರಣಿಯ ಒಡೆಯನ ಲೆಕ್ಕ ಕಡತದಲ್ಲಿರುತ್ತದೆ, ಬಟ್ಟೆ ಕೊಂಡ ವರ್ತಕನ ಪತ್ರ ಇರುತ್ತದೆ. ತೊಟ್ಟಿಯ ಬಳಿ ನಿಂತವಳ ಗುರುತಾಗಿ ಎಷ್ಟೋ ಕಡೆ ಉಳಿದಿರುವುದು ಹಾಳುಗೋಡೆಯ ಬದಿಯ ಈ ಗುಲಾಬಿ ಹೂವಿನ ಪೊದೆಯೊಂದೇ.

ಮನೆಯಂಗಳದಲ್ಲಿ ಬೀಜದಿಂದ ಇದನ್ನು ಬೆಳೆಸುವವರಿಗೆ ಒಂದು ಮಾತು. ದಳಗಳು ಒತ್ತಾಗಿ ತುಂಬಿದ ತಳಿಯೂ ಒಂದಿದೆ. ಅದು ತೋಟಗಾರರ ಅಕ್ಕರೆಯ ಕೂಸು, ಬೀಜ ಕಟ್ಟುವುದು ಕಡಿಮೆ, ಬೇರು ಸೀಳಿಯೇ ಹಂಚಬೇಕು. ಬೀಜದಿಂದ ಬರುವುದು ಸಾಮಾನ್ಯವಾಗಿ ಐದೇ ದಳದ ಸರಳ ಹೂವು, ಒಗೆಯುವವರು ಕಂಡ ಹೂವು. ಬೀಜ ಕಪ್ಪಗೆ, ಸಣ್ಣಗೆ, ಅವರೆಯ ಆಕಾರದಲ್ಲಿರುತ್ತದೆ. ಯುರೋಪಿನ ಚಳಿಗಾಲವನ್ನು ನೆಲದಲ್ಲಿ ಮಲಗಿ ಕಳೆದು ವಸಂತದಲ್ಲಿ ಏಳುವುದು ಅದರ ಸ್ವಭಾವ. ದೆಹಲಿಯ ನಮ್ಮ ವಸತಿಗೃಹದ ಮಹಡಿಯಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ಅದಕ್ಕೆ ಸುಳ್ಳು ಚಳಿಗಾಲವೊಂದನ್ನು ಕಟ್ಟಿಕೊಡಬೇಕು: ಒದ್ದೆ ಮರಳಿನಲ್ಲಿ ಬೆರೆಸಿ, ಡಬ್ಬಿಯಲ್ಲಿ ಮುಚ್ಚಿ, ಫ್ರಿಜ್ಜಿನ ಕೆಳ ಅರೆಯಲ್ಲಿ ಮೂರು ನಾಲ್ಕು ವಾರ ಇಡುವುದು. ದೀಪಾವಳಿಯ ಆಚೀಚೆ ಬಿತ್ತಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ಮೊಳಕೆಗೆ ಮೂರು ವಾರ ಹಿಡಿದರೂ ಗಾಬರಿಯಾಗಬೇಕಿಲ್ಲ. ಗೊಬ್ಬರ ಹೆಚ್ಚಾದರೆ ಕಾಂಡ ಸೊಕ್ಕಿ ಅಡ್ಡಬೀಳುತ್ತದೆ, ಬಡಮಣ್ಣೇ ಲೇಸು. ಮೇ ತಿಂಗಳ ಮಧ್ಯಾಹ್ನದ ಬಿಸಿಲಿನಿಂದ ಮರೆ ಬೇಕು. ಹೂವನ್ನು ಬಹುಮಟ್ಟಿಗೆ ಎರಡನೆಯ ವರ್ಷ ನಿರೀಕ್ಷಿಸಬೇಕು. ತಾವರೆಯ ತೊಟ್ಟಿಯಲ್ಲಿ ಮೀನು ಸಾಕಿದವರು ಈ ಕುಂಡವನ್ನು ದೂರವಿಡಬೇಕು, ಸಪೋನಿನ್ ಮೀನಿಗೆ ವಿಷ. ನೆಲದಲ್ಲಿ ನೆಟ್ಟರೆ ಪಕ್ಕದ ಗಿಡಗಳ ಜಾಗವನ್ನೂ ತನ್ನದೆಂದುಕೊಳ್ಳುತ್ತದೆ, ಆದ್ದರಿಂದ ಕುಂಡವೇ ಕ್ಷೇಮ.

ಸುಂಕ ಹೋದ ಮೇಲೆ ಸಾಬೂನು ಅಗ್ಗವಾಯಿತು. ವಿಲಿಯಂ ಲಿವರ್ 1884ರಲ್ಲಿ ಸನ್‌ಲೈಟ್ ಎಂಬ ಹೆಸರಿನಲ್ಲಿ ಸಾಬೂನು ಮಾರತೊಡಗಿದ. 1888ರ ಬೇಸಗೆಗಾಗಲೇ ಅದರ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನಲ್ಲಿ ಇಳಿದಿದ್ದವು. ಲಿನೇಯಸ್ ನಮ್ಮ ಅಂಟುವಾಳದ ಕುಲಕ್ಕೆ ಇಟ್ಟ ಹೆಸರು ಸಪಿಂಡಸ್, ಅಂದರೆ ಭಾರತದ ಸಾಬೂನು. ಸಸ್ಯಶಾಸ್ತ್ರದಲ್ಲಿ ಸಾಬೂನಿನ ದೇಶವೆಂದು ಹೆಸರು ಪಡೆದ ನಾಡಿಗೇ ಸಾಬೂನು ಹಡಗಿನಲ್ಲಿ ಬಂತು. ಅಲ್ಲಿ ನೊರೆಗಿಡ, ಇಲ್ಲಿ ಅಂಟುವಾಳ ಎರಡೂ ನಿತ್ಯದ ಬಳಕೆಯಿಂದ ಹಿಂದೆ ಸರಿದವು. ಆದರೆ ನಮ್ಮಲ್ಲಿ ಅಂಟುವಾಳ ಅಂಗಡಿಯಿಂದ ಮರೆಯಾಗಲಿಲ್ಲ. ದೆಹಲಿಯ ಖಾರಿ ಬಾವಲಿಯಲ್ಲಿ ಇಂದಿಗೂ ರೀಠಾ ಎಂಬ ಹೆಸರಿನಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ನೊರೆಗಿಡ ಮಾತ್ರ ಕಸುಬಿನಿಂದ ಬಹುತೇಕ ಬೇರೆಯಾಗಿ ಹೂದೋಟಕ್ಕೆ ಒಂದು ಕವಲಾಗಿ, ಬೇಲಿಬದಿಗೆ ಇನ್ನೊಂದು ಕವಲಾಗಿ ಉಳಿಯಿತು.

ಅದು ಮತ್ತೆ ಕೆಲಸಕ್ಕೆ ಕರೆಸಿಕೊಂಡ ಕಥೆ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಅಪ್‌ಪಾರ್ಕ್ ಎಂಬ ಬಂಗಲೆಯದು. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ಮನೆ ಬೇರೊಂದು ಹೆಸರಿನಲ್ಲಿ ಪರಿಚಿತ. ಎಚ್. ಜಿ. ವೆಲ್ಸನ ತಾಯಿ ಸಾರಾ 1880ರಿಂದ 1893ರವರೆಗೆ ಇಲ್ಲಿ ಮನೆವಾರ್ತೆ ನೋಡಿಕೊಳ್ಳುವ ಹೌಸ್‌ಕೀಪರ್ ಆಗಿದ್ದಳು. 1909ರ 'ಟೋನೋ-ಬಂಗೆ' ಕಾದಂಬರಿಯ ಬ್ಲೇಡ್ಸೋವರ್ ಬಂಗಲೆಗೆ ಅಪ್‌ಪಾರ್ಕೇ ಮಾದರಿ. ಕಥೆ ಹೇಳುವವನೂ ಹೌಸ್‌ಕೀಪರಳ ಮಗನೇ. ಆಳುಗಳು ಒಡೆಯರ ಕಣ್ಣಿಗೆ ಬೀಳದಂತೆ ಅಡುಗೆಮನೆಯಿಂದ ಬಂಗಲೆಗೆ ಓಡಾಡಲು ಅಲ್ಲಿ ನೆಲದಡಿಯ ಸುರಂಗಗಳಿವೆ. 'ಟೈಮ್ ಮಷೀನ್' ಕಾದಂಬರಿಯ ಪಾತಾಳವಾಸಿಗಳಾದ ಮೊರ್ಲಾಕರಿಗೆ ಈ ಸುರಂಗಗಳೇ ಪ್ರೇರಣೆಯೆಂದು ಹೇಳುವುದುಂಟು. ತಾಯಿ ಆ ಕೆಲಸಕ್ಕೆ ತಕ್ಕವಳಾಗಿರಲಿಲ್ಲವೆಂದು ಆತ್ಮಕಥೆಯಲ್ಲಿ ವೆಲ್ಸ್ ನಿರ್ದಾಕ್ಷಿಣ್ಯವಾಗಿ ಬರೆದಿದ್ದಾನೆ. ಮಕ್ಕಳು ಲೇಖಕರಾದರೆ ಇಂಥ ಅಪಾಯವಿದ್ದದ್ದೇ.

ಈ ಮನೆಯ ವಿಶೇಷವೆಂದರೆ ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಬದಲಾಗದೆ ಉಳಿದದ್ದು. ಅದಕ್ಕೂ ಒಬ್ಬ ಕೆಲಸದ ಹೆಂಗಸು ಕಾರಣ. ಒಡೆಯನಾದ ಸರ್ ಹ್ಯಾರಿ ಫೆದರ್‌ಸ್ಟನ್‌ಹಾ ಎಪ್ಪತ್ತರ ಪ್ರಾಯದಲ್ಲಿ, 1825ರಲ್ಲಿ, ತನ್ನದೇ ಹಾಲುಕೊಟ್ಟಿಗೆಯ ಹುಡುಗಿ ಮೇರಿ ಆ್ಯನ್ ಬುಲಕ್‌ಳನ್ನು ಮದುವೆಯಾದ. 1846ರಲ್ಲಿ ಅವನು ತೀರಿಕೊಂಡ ಬಳಿಕ ಆಸ್ತಿ ಅವಳಿಗೆ, ಅವಳ ತರುವಾಯ ಅವಳ ತಂಗಿಗೆ ಬಂತು. ಅಕ್ಕತಂಗಿಯರು 1895ರವರೆಗೂ ಸರ್ ಹ್ಯಾರಿಯ ಕಾಲದ ಮನೆಯನ್ನು ಇದ್ದಂತೆಯೇ ಕಾಪಾಡಿದರು. ಹುಟ್ಟಾ ಶ್ರೀಮಂತರ ಕೈಗೆ ಸಿಕ್ಕಿದ್ದರೆ ಹಳೆಯ ಪರದೆಗಳೆಲ್ಲ ಎಂದೋ ಮೂಲೆಗುಂಪಾಗಿ ಹೊಸ ಫ್ಯಾಷನ್ನು ಬಂದಿರುತ್ತಿತ್ತೆಂದು ನಮ್ಮ ಊಹೆ.

1930ರ ದಶಕದ ಆರಂಭದಲ್ಲಿ ಮನೆ ಅಡ್ಮಿರಲ್ ಹರ್ಬರ್ಟ್ ಮೀಡ್-ಫೆದರ್‌ಸ್ಟನ್‌ಹಾನ ಪಾಲಿಗೆ ಬಂದಾಗ ಹದಿನೆಂಟನೆಯ ಶತಮಾನದ ರೇಷ್ಮೆಯ ಪರದೆಗಳು ಧೂಳು ಹೊತ್ತು ಚಿಂದಿಯಾಗಿದ್ದವು. ಅವನ್ನು ಬದಲಿಸದೆ ಉಳಿಸಿಕೊಳ್ಳಬೇಕೆಂದು ಹೊರಟವಳು ಅವನ ಹೆಂಡತಿ ಲೇಡಿ ಮೀಡ್-ಫೆದರ್‌ಸ್ಟನ್‌ಹಾ. ಆಕೆ ಹಿಡಿದದ್ದು ನೊರೆಗಿಡವನ್ನು. ಈ ಬಗೆಯ ತೊಳೆತ ನೋಡಲು ಸುಲಭ: ಗಿಡವನ್ನು ಮೃದುವಾಗಿ ಕುದಿಸಿ, ಸೋಸಿ, ಕದಡಿ, ಎದ್ದ ನೊರೆಯನ್ನು ಸ್ಪಂಜಿನಿಂದ ಬಟ್ಟೆಗೆ ಒತ್ತಬೇಕು, ಉಜ್ಜಬಾರದು, ಹಿಂಡಬಾರದು. ಅಪ್‌ಪಾರ್ಕ್ ಇರುವುದು ಸೀಮೆಸುಣ್ಣದ ಬೆಟ್ಟಸಾಲಿನ ಮೇಲೆ. ಸುಣ್ಣದ ನೆಲದ ಗಡಸು ನೀರಿನಲ್ಲಿ ಸಾಬೂನು ನೊರೆಯ ಬದಲು ಬಿಳಿಯ ಗಸಿಯನ್ನು ಕಟ್ಟಿ ಎಳೆಗಳ ನಡುವೆ ಕೂರುತ್ತದೆ. ಸಪೋನಿನ್ನಿಗೆ ಆ ತೊಂದರೆಯಿಲ್ಲ. ತೊಳೆದ ಬಳಿಕ ಸವೆದ ಎಳೆಗಳನ್ನು ಸೂಜಿಯಿಂದ ಒಂದೊಂದಾಗಿ ಕೂರಿಸುವ ಕೆಲಸ ವರ್ಷಗಟ್ಟಲೆ ನಡೆಯಿತು. ಪರದೆಗಳು ಮತ್ತೆ ಕಿಟಕಿಗೇರಿದವು.

ಇಂದಿನ ಜವಳಿ ಸಂರಕ್ಷಕರು ಬಹುಮಟ್ಟಿಗೆ ಪ್ರಯೋಗಾಲಯದ ಸೌಮ್ಯ ಮಾರ್ಜಕಗಳನ್ನೇ ಬಳಸುತ್ತಾರೆ. ಅವರ ಕಾರಣ ನ್ಯಾಯವಾದದ್ದೇ: ಕಷಾಯದ ಸತ್ವ ಗಿಡದಿಂದ ಗಿಡಕ್ಕೆ, ಋತುವಿನಿಂದ ಋತುವಿಗೆ ಬೇರೆಯಾಗುತ್ತದೆ, ಅದರ ಬಣ್ಣವೂ ಬಟ್ಟೆಗೆ ತಾಗಬಹುದು. ಗಿಡವೆಂದ ಮಾತ್ರಕ್ಕೆ ಎಲ್ಲವೂ ಮೇಲೆಂಬ ಈಚಿನ ಭಕ್ತಿ ನಮಗಿಲ್ಲ. ಆದರೆ ಅಂಥ ಮಾರ್ಜಕಗಳು ಇನ್ನೂ ಕೈಗೆ ಬಾರದಿದ್ದ ಕಾಲದಲ್ಲಿ ಆ ರೇಷ್ಮೆಯನ್ನು ಮುಟ್ಟಲು ಧೈರ್ಯ ಕೊಟ್ಟದ್ದು ಈ ಕಳೆ.

1954ರಲ್ಲಿ ಮನೆ ನ್ಯಾಷನಲ್ ಟ್ರಸ್ಟಿಗೆ ಸೇರಿತು. 1989ರ ಆಗಸ್ಟ್ 30ರಂದು, ಸೂರಿನ ದುರಸ್ತಿ ಇನ್ನೇನು ಮುಗಿಯಬೇಕೆನ್ನುವಾಗ, ಸೀಸದ ತಗಡು ಬೆಸೆಯುವ ಕೆಲಸದಿಂದ ಬೆಂಕಿ ಹೊತ್ತಿತು. ಬೆಂಕಿ ಮೇಲಿನಿಂದ ಇಳಿದದ್ದರಿಂದ ಸ್ವಲ್ಪ ಸಮಯ ದೊರೆಯಿತು. ಸಿಬ್ಬಂದಿ, ಮನೆಯವರು, ಅಗ್ನಿಶಾಮಕರು ಸೇರಿ ನೆಲಮಹಡಿಯ ಬಹುಪಾಲು ವಸ್ತುಗಳನ್ನು, ಜವಳಿಗಳನ್ನೂ ಕೂಡಿಕೊಂಡು, ಹುಲ್ಲುಹಾಸಿನ ಮೇಲೆ ತಂದು ರಾಶಿ ಹಾಕಿದರು. ಮೇಲ್ಮಹಡಿಗಳು ಸುಟ್ಟು ಕುಸಿದವು. ಮನೆಯನ್ನು ದುರಸ್ತಿ ಮಾಡಿ 1995ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು.

ಈ ಕಥೆಯಲ್ಲಿ ನಾವು ಹೆಸರಿಸಿದವರನ್ನು ಒಮ್ಮೆ ತಿರುಗಿ ನೋಡಬೇಕು. ಒಡೆಯ, ಒಡತಿ, ಅಡ್ಮಿರಲ್, ಕಾದಂಬರಿಕಾರ. ಹಾಲಿನ ಹುಡುಗಿಯ ಹೆಸರು ಉಳಿದದ್ದು ಅವಳು ಒಡತಿಯಾದದ್ದರಿಂದ. ಹೌಸ್‌ಕೀಪರಳ ಹೆಸರು ಉಳಿದದ್ದು ಮಗ ಬರೆದದ್ದರಿಂದ. ಯಾವ ಬೇರನ್ನು ಎಷ್ಟು ಕುದಿಸಬೇಕು, ಯಾವ ಬಟ್ಟೆಯನ್ನು ಹಿಂಡಬಾರದು ಎಂಬ ತಿಳಿವನ್ನು ತಲೆಮಾರುಗಳ ಕಾಲ ಅಂಗೈಯಲ್ಲಿ ಇಟ್ಟುಕೊಂಡು ಬಂದವರು ಈ ಪಟ್ಟಿಯ ಹೊರಗಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿಯೇ ಮಡಿವಾಳ ಮಾಚಿದೇವನನ್ನು ವಚನಕಾರನೆಂದು ಎದುರುಗೊಂಡ ಭಾಷೆ ನಮ್ಮದು. ಅಲ್ಲಿಯೂ ಮಾಚಿದೇವನ ಪಕ್ಕದ ಕಲ್ಲಿನ ಮೇಲೆ ಬಟ್ಟೆ ಕುಕ್ಕಿದವರು ಎಷ್ಟು ಮಂದಿಯೋ.

ಈ ವರ್ಷದ ಬೀಜ ನಮ್ಮ ಫ್ರಿಜ್ಜಿನ ಕೆಳ ಅರೆಯಲ್ಲಿ, ಒದ್ದೆ ಮರಳಿನ ಡಬ್ಬಿಯಲ್ಲಿ ಹದಿನೆಂಟನೆಯ ದಿನ ಮಲಗಿದೆ. ದೆಹಲಿಯ ಗೆಳೆಯರಲ್ಲಿ ಯಾರಿಗಾದರೂ ಬೇಕಿದ್ದರೆ ಬಿತ್ತನೆಗೆ ಮೊದಲೇ ಕೇಳಿ ಪಡೆಯಬಹುದು. ಒಂದು ಚಿಟಿಕೆಯಲ್ಲಿ ಎರಡು ಕುಂಡಕ್ಕಾಗುವಷ್ಟು ಬೀಜವಿರುತ್ತದೆ.