ಮಾರ್ಮನ್ ಪಂಥ

ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಮೂಲದ ಧರ್ಮಪಂಥ. ಸ್ಥಾಪಕ ಜೋಸೆಫ್ ಸ್ಮಿತ್ (1805–44). ಸ್ಥಾಪನೆಯಾದದ್ದು ನ್ಯೂಯಾರ್ಕ್ ಸಂಸ್ಥಾನದಲ್ಲಿ, 1830ರ ಏಪ್ರಿಲ್ 6ರಂದು. ದೇವದೂತನೊಬ್ಬ ತೋರಿಸಿಕೊಟ್ಟ ಚಿನ್ನದ ತಗಡುಗಳ ಬರಹವನ್ನು ದೈವಬಲದಿಂದ ಅನುವಾದಿಸಿದೆನೆಂದು ಹೇಳಿ ಸ್ಮಿತ್ ಅದೇ ವರ್ಷ 'ಬುಕ್ ಆಫ್ ಮಾರ್ಮನ್' ಪ್ರಕಟಿಸಿದ. ಆ ಬರಹವನ್ನು ಸಂಗ್ರಹಿಸಿದವನೆಂದು ಗ್ರಂಥವೇ ಹೇಳುವ ಪ್ರಾಚೀನ ಪ್ರವಾದಿ ಮಾರ್ಮನ್. ಅನುಯಾಯಿಗಳಿಗೆ ಈ ಹೆಸರನ್ನು ಅಂಟಿಸಿದವರು ಹೊರಗಿನವರು. 1838ರಿಂದ ಅಧಿಕೃತ ನಾಮ 'ಅಂತ್ಯದಿನಗಳ ಸಂತರ ಯೇಸು ಕ್ರಿಸ್ತನ ಸಭೆ' ಎಂಬರ್ಥದ್ದು. ಅದನ್ನೇ ಪೂರ್ತಿಯಾಗಿ ಬಳಸಬೇಕೆಂದು 2018ರಲ್ಲಿ ಅಧ್ಯಕ್ಷ ರಸೆಲ್ ನೆಲ್ಸನ್ ಒತ್ತಾಯಿಸಿದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಗ್ರಂಥದ ಕಥೆಗೆ ಪುರಾತತ್ತ್ವದ ಆಧಾರ ದೊರೆತಿಲ್ಲ.

1844ರಲ್ಲಿ ಉದ್ರಿಕ್ತ ಗುಂಪೊಂದು ಸೆರೆಮನೆಗೆ ನುಗ್ಗಿ ಸ್ಮಿತ್‌ನನ್ನು ಕೊಂದಿತು. ಬ್ರಿಗಮ್ ಯಂಗ್‌ನ ಮುಂದಾಳತ್ವದಲ್ಲಿ ಗುಳೆ ಹೊರಟವರು 1847ರಲ್ಲಿ ಈಗಿನ ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲೆಸಿದರು. ಪಂಥಕ್ಕೆ ಕುಖ್ಯಾತಿ ತಂದ ಬಹುಪತ್ನಿತ್ವವನ್ನು ಕೈಬಿಡುವ ಘೋಷಣೆ 1890ರಲ್ಲಿ ಹೊರಬಿತ್ತು.

ಸದಸ್ಯರು ಆದಾಯದ ಹತ್ತನೇ ಒಂದು ಪಾಲನ್ನು ಸಭೆಗೆ ಸಲ್ಲಿಸುತ್ತಾರೆ. ಮದ್ಯ, ತಂಬಾಕು ಮಾತ್ರವಲ್ಲ, ಚಹಾ, ಕಾಫಿಯೂ ನಿಷಿದ್ಧ. ಕಾಫಿ ಬೆಳೆಯುವ ಕನ್ನಡನಾಡಿಗೆ ಇದು ಕಷ್ಟದ ವ್ರತವೇ ಸರಿ. ಸತ್ತ ಪೂರ್ವಜರ ಪರವಾಗಿ ದೀಕ್ಷಾಸ್ನಾನ ಮಾಡಿಸುವ ನಂಬಿಕೆಯಿಂದಾಗಿ ವಂಶಾವಳಿ ಸಂಗ್ರಹ ದೊಡ್ಡ ಕೆಲಸವಾಗಿ ಬೆಳೆದಿದೆ. ನಮ್ಮಲ್ಲಿ ಹೆಳವರು ಹೊತ್ತು ತಿರುಗಿದಂಥ ವಂಶದ ಲೆಕ್ಕವನ್ನು ಇವರು ಬೆಟ್ಟ ಕೊರೆದು ಮಾಡಿದ ಭಂಡಾರದಲ್ಲಿ ಕಾಪಿಟ್ಟಿದ್ದಾರೆ.

ಭಾರತಕ್ಕೆ ಇವರ ಪ್ರಚಾರಕರು 1850ರ ದಶಕದಲ್ಲೇ ಬಂದಿದ್ದರು. ಬೆಂಗಳೂರು ಕೇಂದ್ರಿತ ಮಿಷನ್ ಆರಂಭವಾದದ್ದು 1993ರಲ್ಲಿ. ದೇಶದ ಮೊದಲ ಮಾರ್ಮನ್ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಕಾಮಗಾರಿಗೆ ಚಾಲನೆ ನೀಡಲಾಯಿತು.